40 ಎಚ್‌ಪಿ ಔಟ್‌ಬೋರ್ಡ್‌ಗೆ (ಬೋಟ್ ಹಿಂದೆ ತೂಗುಹಾಕೋ ಇಂಜಿನ್) 13 ಪಿಚ್ ಫ್ಯಾನ್ (ಪ್ರೊಪೆಲರ್) ಜಾಸ್ತಿ ಆಯ್ತಾ?

ಶರಾವತಿ_ದೋಣಿ: ಹೊನ್ನಾವರ ಹಿನ್ನೀರಲ್ಲಿ ಟೂರಿಸ್ಟ್ ಬೋಟ್ ಓಡಿಸ್ತೀನಿ, 20 ಅಡಿ ಫೈಬರ್, 40 ಎಚ್‌ಪಿ ಟೂ ಸ್ಟ್ರೋಕ್, ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಒಬ್ನೇ ಇದ್ರೆ ಚೆನ್ನಾಗಿ ಹೋಗತ್ತೆ, ಎಂಟು ಜನ ಕೂತ್ರೋ ಮೂತಿ ಮೇಲೆತ್ಕೊಂಡು ಹಿಂದೆ ಕೂತ್ಬಿಡತ್ತೆ. ಪ್ಲಗ್ ವೈರ್‌ಗೆ ಸುತ್ತೋ ಸಣ್ಣ ಆರ್‌ಪಿಎಂ ಮೀಟರ್ ಹಾಕಿ ನೋಡ್ದೆ, ಫುಲ್ ಕೊಟ್ರೂ 4100 ದಾಟ್ತಿಲ್ಲ, ಮ್ಯಾನುಯಲ್‌ನಲ್ಲಿ 4500-5500 ಅಂತಿದೆ. ಫ್ಯಾನ್ ಮೇಲೆ 11 1/8 x 13 ಅಂತ ಕೊರೆದಿದೆ. ಅಂಗಡಿಯವ್ರು 15 ಹಾಕಿ ಸ್ಪೀಡ್ ಬರತ್ತೆ ಅಂತಾರೆ. ಹಾಕ್ಲಾ?

ಮಲ್ಪೆ_ಬಂದರು: 15 ಹಾಕ್ಬೇಡಿ ಮಾರಾಯ್ರೆ! 11 1/8 ಅಂದ್ರೆ ಅಗಲ, 13 ಅಂದ್ರೆ ಪಿಚ್, ಫ್ಯಾನ್ ಒಂದು ಸುತ್ತು ತಿರುಗಿದ್ರೆ ಲೆಕ್ಕದ ಪ್ರಕಾರ ಬೋಟ್ 13 ಇಂಚು ಮುಂದೆ ಹೋಗ್ಬೇಕು, ನೀರು ಜಾರೋದ್ರಿಂದ ಅಷ್ಟು ಹೋಗಲ್ಲ ಅದು ಬೇರೆ ವಿಷ್ಯ. ಈಗ್ಲೇ ನೀವು ಗೇರುಸೊಪ್ಪೆ ಘಾಟಿನ ಟಾಪ್ ಗೇರಲ್ಲಿ ಹತ್ತಿಸ್ತಾ ಇದೀರಿ. ಹೀಗೇ ಎಳೆದ್ರೆ ಇಂಜಿನ್ ಕಾದು, ಕಾರ್ಬನ್ ಕಟ್ಟಿ, ಕೊನೆಗೆ ಪಿಸ್ಟನ್‌ಗೇ ಬರತ್ತೆ. ಪಿಚ್ ಒಂದಿಂಚು ಇಳಿಸಿದ್ರೆ ಹೆಚ್ಚುಕಮ್ಮಿ 150-200 ಆರ್‌ಪಿಎಂ ಏರತ್ತೆ, ಅಂದ್ರೆ 11 ನೋಡಿ. ಒಬ್ರೇ ಹೋದಾಗ ಎಷ್ಟು ತೋರಿಸತ್ತೆ? ಅದನ್ನೂ ನೋಡ್ಬೇಕು, ಖಾಲಿ ಬೋಟಲ್ಲಿ 5500 ದಾಟ್ಬಾರ್ದು.

ಗ್ರೀಸ್_ಕೈ: ದುಡ್ಡು ಹಾಕೋ ಮುಂಚೆ ಬೋಟ್ ದಡಕ್ಕೆ ಎಳೆದು ತಳ ನೋಡಿ, ಉಪ್ಪುನೀರಲ್ಲಿ ಚಿಪ್ಪು ಹಿಡಿದಿದ್ರೆ ಯಾವ ಫ್ಯಾನ್ ಹಾಕಿದ್ರೂ ಅಷ್ಟೇ. ಕೆಲವ್ರಿಗೆ ಇದ್ರ ಉಲ್ಟಾ ಆಗತ್ತೆ, ಇಂಜಿನ್ ಕಿರುಚತ್ತೆ ಬೋಟ್ ಹೋಗಲ್ಲ, ಅದು ಫ್ಯಾನ್ ಒಳಗಿನ ರಬ್ಬರ್ ಬುಷ್ ಜಾರಿರೋದು, ಒಳಗಿನ ಹಬ್‌ನಿಂದ ಹೊರಗಿನ ಫ್ಯಾನ್‌ವರೆಗೂ ಪೇಂಟಲ್ಲಿ ಒಂದು ಗೆರೆ ಎಳೆದು ಓಡ್ಸಿ ಬನ್ನಿ, ಗೆರೆ ಮುರಿದಿದ್ರೆ ಗೊತ್ತಾಯ್ತಲ್ಲ. ನಿಮ್ದು ಅದಲ್ಲ ಅನ್ಸತ್ತೆ. ಸ್ಟೀಲ್ ಫ್ಯಾನ್ ಆಸೆಗೆ ಹೋಗ್ಬೇಡಿ, ಅಳಿವೆ ಕಡೆ ಮರಳದಿಬ್ಬ, ಕಲ್ಲಿಗೆ ಬಡಿದ್ರೆ ಅಲ್ಯೂಮಿನಿಯಂ ತಾನು ಬಗ್ಗಿ ಗೇರ್ ಉಳ್ಸತ್ತೆ, ಸ್ಟೀಲ್ ಬಗ್ಗೋದು ಕಷ್ಟ, ಪೆಟ್ಟು ಸೀದಾ ಒಳಗೆ ಹೋಗತ್ತೆ.

ಶರಾವತಿ_ದೋಣಿ: ಒಬ್ನೇ ಹೋದಾಗ 4900. ತಳದಲ್ಲಿ ಚಿಪ್ಪು ಬೆರಳುದಪ್ಪ ಇತ್ತು, ನಾಚ್ಕೆ ಆಯ್ತು. ಕೆರೆದು, ಗೆಳೆಯನ ಹತ್ರ 11 ಪಿಚ್ ಇಸ್ಕೊಂಡು ಹಾಕ್ದೆ. ಎಂಟು ಜನಕ್ಕೆ 4600 ಬಂತು, ಮೂತಿನೂ ಬೇಗ ಇಳಿಯತ್ತೆ. ಖಾಲಿ ಇದ್ದಾಗ 5400, ಸ್ಪೀಡ್ ಸ್ವಲ್ಪ ಕಮ್ಮಿ, ಅದ್ರಿಂದ ನನಗೇನು, ದುಡ್ಡು ಕೊಡೋರು ಕೂತಾಗ ಓಡಿದ್ರೆ ಸಾಕು.

ಮಲ್ಪೆ_ಬಂದರು: ಸರಿ ಕೂತಿದೆ. ಆ 13ನ್ನ ಮಾರ್ಬೇಡಿ, ನಟ್, ಕಾಟರ್ ಪಿನ್, ಸ್ಪ್ಯಾನರ್ ಜೊತೆ ಬೋಟಲ್ಲೇ ಇಟ್ಕೊಳ್ಳಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿಗೆ ಬಡಿದು ರೆಕ್ಕೆ ಹೋದ ದಿನ ಅದೇ ಮನೆಗೆ ಕರ್ಕೊಂಡು ಬರತ್ತೆ. ಶಾಫ್ಟಿಗೆ ಗ್ರೀಸ್ ಹಚ್ಚಿದ್ರಾ?

ಶರಾವತಿ_ದೋಣಿ: ಇಲ್ಲ 😬 ನಾಳೆ ಬಿಚ್ತೀನಿ.