ಅಪ್‌ಡೇಟ್: ಗಡ್ಡಕ್ಕೆ ಲೇಸರ್ ಶುರು ಮಾಡಿದೆ

ಟ್ರಾನ್ಸ್ ಹೆಣ್ಣಾದ ನನಗೆ ಗಡ್ಡ ತೆಗೆಸಲು ಲೇಸರ್ ಒಳ್ಳೆಯದಾ, ಎಲೆಕ್ಟ್ರಾಲಿಸಿಸ್ಸಾ (ಸೂಜಿಯಿಂದ ಕೂದಲ ಬುಡಕ್ಕೆ ಕರೆಂಟ್ ಕೊಟ್ಟು ತೆಗೆಯುವುದು) ಎಂದು ಕೇಳಿದ್ದೆ, ನೆನಪಿದೆಯಾ? ಲೇಸರ್ ಶುರು ಮಾಡಿದೆ. ಐದಾರು ವಾರಕ್ಕೊಮ್ಮೆ ಕಾಸರಗೋಡಿನಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ. ನಾಲ್ಕು ಸಲ ಆಯ್ತು.

ಮೊದಲ ಸಲ ಥ್ರೆಡಿಂಗ್ ಮಾಡಿಸಿಕೊಂಡು ಹೋಗಿದ್ದೆ, ವಾಪಸ್ ಕಳಿಸಿದರು. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಲೇಸರ್ ಹಿಡಿಯುವುದು ಯಾವುದನ್ನು, ಅಲ್ವಾ? ಈಗ ಹಿಂದಿನ ದಿನ ಶೇವ್ ಮಾತ್ರ. ಮೇಲ್ದುಟಿಯ ಮೇಲೆ ಮಾಡುವಾಗ ಕಣ್ಣಲ್ಲಿ ನೀರು ಬರುತ್ತದೆ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಕಪ್ಪು ಮೈಬಣ್ಣಕ್ಕೆ ಎನ್‌ಡಿ ಯಾಗ್ ಎಂಬ ಬಗೆಯ ಲೇಸರ್ ಜಾಸ್ತಿ ಸುರಕ್ಷಿತ, ಕೇಳಿಯೇ ಹೋಗಿ.

ಗಲ್ಲದ ಬಿಳಿ ಕೂದಲು ಹಾಗೇ ಇದೆ. ಲೇಸರ್‌ಗೆ ಕಪ್ಪು ಬಣ್ಣ ಬೇಕು. ಬಿಳಿಯದಕ್ಕೆ ಎಲೆಕ್ಟ್ರಾಲಿಸಿಸ್ಸೇ, ಒಂದೊಂದೇ ಬುಡಕ್ಕೆ ಸೂಜಿ.

ನಿನ್ನೆ ಅಮ್ಮ ಕೆನ್ನೆ ಮುಟ್ಟಿ, "ನುಣ್ಣಗಾಯ್ತಲ್ಲ ಮಗಳೇ" ಎಂದರು. ಮಗಳೇ ಎಂದದ್ದು ಅದೇ ಮೊದಲು.