ಒಂದೇ ಮ್ಯಾಶ್‌ನಿಂದ ಎರಡು ಬಿಯರ್: ಎರಡನೆಯದು ಯಾಕೆ ನೀರು ನೀರು?

ಕಹಿಪ್ರಿಯ:
ಸಾಕಾಗಿ ಹೋಗಿದೆ. ಮ್ಯಾಶ್ (ಬಿಸಿನೀರಲ್ಲಿ ನೆನೆಸಿದ, ಒಡೆದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾಡಿ ಮೊದಲು ಬಸಿದ ವರ್ಟ್ (ಬಿಯರ್ ಆಗುವ ಸಿಹಿ ರಸ) ಭರ್ಜರಿ, ಸಾಂದ್ರತೆ 1.075 (ಬರೀ ನೀರಾದರೆ 1.000, ಸಕ್ಕರೆ ಹೆಚ್ಚಿದಷ್ಟೂ ಏರುತ್ತದೆ). ಅದೇ ಮ್ಯಾಶ್‌ಗೆ ಮತ್ತೆ ಬಿಸಿನೀರು ಹಾಕಿ ಬಸಿದರೆ ಬರೀ 1.019. ನನಗೆ 1.030 ಆದರೂ ಬೇಕು. ಬಿಯರ್ ತೆಳು, ವಿಪರೀತ ಕಹಿ, ಕುಡಿದ ಮೇಲೆ ಬಾಯೆಲ್ಲಾ ಒಗರು. ಎಲ್ಲಿ ತಪ್ಪುತ್ತಿದೆ?

ಗಿರಣಿ:
ಮಾಲ್ಟ್ ಸರಿಯಾಗಿ ಒಡೆದಿಲ್ಲ. ಮಾಲ್ಟ್ ಒಡೆಯುವ ರೋಲರ್‌ಗಳ ನಡುವಿನ ಸಂದು ಎಷ್ಟಿಟ್ಟಿದ್ದೀರಿ?

ಕಹಿಪ್ರಿಯ:
1.2 ಮಿ.ಮೀ.

ಗಿರಣಿ:
ಜಾಸ್ತಿ ಆಯ್ತು. 0.9ಕ್ಕೆ ಇಳಿಸಿ. ಬೇರೇನೂ ಮುಟ್ಟಬೇಡಿ.

ತಳಬಸಿ:
ಒಡೆಯದ ಮಾಲ್ಟ್‌ನಿಂದ 1.075 ಬರುತ್ತಾ ಗಿರಣಿಯವರೇ? ಕಹಿಪ್ರಿಯ, ಮಾಲ್ಟ್ ಎಷ್ಟು, ನೀರು ಎಷ್ಟು? ಬಿಸಿ ವರ್ಟ್‌ನಲ್ಲೇ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ತೇಲುಮಾಪಕ) ಬಿಟ್ಟಿರಾ?

ಕಹಿಪ್ರಿಯ:
ಮಾಮೂಲಿ ಅಳತೆಯೇ. ಮಾಲ್ಟ್ 6 ಕೆಜಿ, ಮ್ಯಾಶ್‌ಗೆ 18 ಲೀಟರ್, ಆಮೇಲೆ ಇನ್ನೂ 18. ವರ್ಟ್ 20 ಡಿಗ್ರಿಗೆ ಆರಿದ ಮೇಲೆ ಅಳೆದದ್ದು. ಎರಡು ಪಾತ್ರೆಗೂ ಹಾಪ್ಸ್ (ಕಹಿ ಕೊಡುವ ಹೂವು) ಒಂದೇ ತೂಕ.

ಗಿರಣಿ:
ಸಂದು ಕಡಿಮೆ ಮಾಡಿದರೆ ಎರಡೂ ಏರುತ್ತವೆ. ನನ್ನ ಅನುಭವದ ಮಾತು.

ತಳಬಸಿ:
ಲೆಕ್ಕ ನೋಡಿ. ಒಂದು ಕೆಜಿ ಮಾಲ್ಟ್ ಹೆಚ್ಚುಕಡಿಮೆ ಒಂದು ಲೀಟರ್ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ 12 ಲೀಟರ್ ಬಸಿದ ಮೇಲೂ 1.075ರ ವರ್ಟ್ 6 ಲೀಟರ್ ಒಳಗೇ ಉಳಿಯಿತು. 1.000ಕ್ಕಿಂತ ಮೇಲಿರುವ 75 ಅಂಶ ಮಾತ್ರ ಲೆಕ್ಕಕ್ಕೆ: 6 ಸಲ 75, 450. ಅದಕ್ಕೆ 18 ಲೀಟರ್ ಸುರಿದರೆ ಒಟ್ಟು 24. 450ನ್ನು 24ರಿಂದ ಭಾಗಿಸಿ, ಸುಮಾರು 19. ನಿಮಗೆ ಬಂದಿದ್ದೂ ಅದೇ ಅಲ್ವಾ? ಎರಡನೇ ಸಲ 9 ಲೀಟರ್ ಮಾತ್ರ ಹಾಕಿ, 1.030 ಸಿಗುತ್ತದೆ. 18 ಲೀಟರೇ ಬೇಕಿದ್ದರೆ ನೀರಿನ ಜೊತೆ ಸ್ವಲ್ಪ ಕ್ರಿಸ್ಟಲ್ ಮಾಲ್ಟ್ (ಒಳಗೇ ಸಕ್ಕರೆಯಾಗಿಸಿ ಹುರಿದ ಮಾಲ್ಟ್) ಸೇರಿಸಿ. ಬಣ್ಣ, ರುಚಿ ಎರಡೂ ಬದಲಾಗಿ ನಿಜಕ್ಕೂ ಬೇರೆಯದೇ ಬಿಯರ್ ಆಗುತ್ತದೆ. ಈ ವಿಧಾನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.
ಕಹಿಗೆ ಕಾರಣ ಹಾಪ್ಸ್. ತೆಳು ವರ್ಟ್‌ನಲ್ಲಿ ಅದು ಕಹಿ ಜಾಸ್ತಿ ಬಿಡುತ್ತದೆ, ಮರೆಮಾಡಲು ಸಿಹಿಯೂ ಇಲ್ಲ. ಅರ್ಧಕ್ಕೆ ಇಳಿಸಿ.

ಮೂರುಪಾತ್ರೆ:
ನೀರನ್ನು ಒಮ್ಮೆಲೇ ಸುರಿಯುವುದೇ ತಪ್ಪು. ಮೇಲಿಂದ ನಿಧಾನಕ್ಕೆ ಚಿಮುಕಿಸಬೇಕು. ನನ್ನದು ಸ್ಟೀಲಿನ ಮೂರು ಪಾತ್ರೆ, ಎರಡು ಪಂಪ್, ಉಷ್ಣತೆ ಅರ್ಧ ಡಿಗ್ರಿಯೂ ಅಲುಗಾಡಲ್ಲ. ಫೋಟೋ ಹಾಕ್ತೀನಿ.

ತಳಬಸಿ:
ಚಿಮುಕಿಸಿದರೆ ಸಕ್ಕರೆ ಸ್ವಲ್ಪ ಹೆಚ್ಚು ಸಿಗುತ್ತದೆ, ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಬರುವ ವರ್ಟ್ 1.010ಕ್ಕಿಂತ ಇಳಿದು, ಪಿಹೆಚ್ (ಹುಳಿ-ಕ್ಷಾರದ ಅಳತೆ) 6 ಸಮೀಪಿಸಿದರೆ ಸಿಪ್ಪೆಯ ಟ್ಯಾನಿನ್ ಬಿಡುತ್ತದೆ. ಒಗರು ಅಲ್ಲಿಂದಲೇ. ಕಹಿಪ್ರಿಯ, ನೀವು ಪಿಹೆಚ್ ನೋಡಿದ್ರಾ? ನೀರು ಎಷ್ಟು ಬಿಸಿ ಇತ್ತು? 77 ಡಿಗ್ರಿ ದಾಟಬಾರದು.

ಮೂರುಪಾತ್ರೆ:
ನನ್ನ ಬಿಯರ್ ಯಾವತ್ತೂ ಒಗರಾಗಿಲ್ಲ.

ಕಹಿಪ್ರಿಯ:
9 ಲೀಟರ್‌ನದು ಮಾಡಿ ನೋಡ್ತೀನಿ. ಎರಡು ವರ್ಟ್ ಬೆರೆಸೋದಾದರೆ ಕುದಿಸುವ ಮುಂಚೆಯೋ ಆಮೇಲೆಯೋ?

ತಳಬಸಿ:
ಆಮೇಲೆ. ಲಂಡನ್ನಿನ ಫುಲ್ಲರ್ಸ್ ಬ್ರೂವರಿ ಬೇರೆ ಬೇರೆ ಕುದಿಸಿಯೇ ಬೆರೆಸುತ್ತಿತ್ತು. ಅವರ ಬಿಯರ್‌ಗಳಾದ ಲಂಡನ್ ಪ್ರೈಡ್, ಇಎಸ್‌ಬಿ ಎರಡಕ್ಕೂ ಮ್ಯಾಶ್ ಒಂದೇ, ಬೆರೆಸುವ ಪ್ರಮಾಣ ಮಾತ್ರ ಬೇರೆ. ಪಿಹೆಚ್ ಎಷ್ಟಿತ್ತು ಅಂತ ಹೇಳಲೇ ಇಲ್ಲ ನೀವು.

ಗಿರಣಿ:
ಸಂದು 0.9 ಮಾಡಿದ ಮೇಲೆ ಎಷ್ಟು ಬಂತು, ಇಲ್ಲೇ ಬರೆಯಿರಿ.