ಕಣ್ಣು ನಾರ್ಮಲ್ ಅಂತ ಬರೆದಿದ್ದಾರೆ, ಆದರೆ ಮಗು ನೋಡುತ್ತಿಲ್ಲ. ಮುಂದೇನು ಮಾಡಬೇಕು?

ನೇತ್ರಾಧಿಕಾರಿ_ಬೇಲೂರು

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದವರು ಅಂಗನವಾಡಿ ತಪಾಸಣೆಯಲ್ಲಿ ಕಂಡು ಕಳಿಸಿದ 14 ತಿಂಗಳ ಗಂಡು ಮಗು. ತಿಂಗಳು ತುಂಬಿಯೇ ಹುಟ್ಟಿದ್ದು, ತೂಕ 2.1 ಕೆ.ಜಿ. ಎರಡನೇ ದಿನ ಹಾಲು ಬಿಟ್ಟು, ಮಂಕಾಗಿ, ಫಿಟ್ಸ್ ಬಂದಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಶುಗರ್ 18 ಅಂತಿದೆ. ಈಗ ಕತ್ತು ನಿಂತಿದೆ, ಕೂರಿಸಿದರೆ ವಾಲುತ್ತೆ. ಅಮ್ಮನ ದನಿಗೆ ನಗುತ್ತೆ, ಮುಖ ನೋಡಲ್ಲ. ತಿರುಗುವ ಫ್ಯಾನು, ಟ್ಯೂಬ್‌ಲೈಟು ಕಂಡರೆ ಕಣ್ಣು ಕೀಳಲ್ಲ. ಕೆಂಪು ಮಗ್ಗಿನ ಕಡೆ ಒಂದು ದಿನ ತಿರುಗಿದರೆ ಇನ್ನೊಂದು ದಿನ ತಿರುಗಲ್ಲ. ಎಡಗಣ್ಣು ಆಗಾಗ ಹೊರಕ್ಕೆ ಹೋಗುತ್ತೆ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಪಾಪೆ ಹಿಗ್ಗಿಸಿ ನೋಡಿ, ‘ರೆಟಿನಾ, ನರ ಎರಡೂ ನಾರ್ಮಲ್, ಬೆಳೀತಾ ಸರಿಹೋಗುತ್ತೆ, 3 ವರ್ಷಕ್ಕೆ ಬನ್ನಿ’ ಅಂದಿದ್ದಾರೆ.

ನನ್ನ ಹತ್ತಿರ ಟಾರ್ಚ್, ರೆಟಿನೋಸ್ಕೋಪ್ (ಬೆಳಕು ಬಿಟ್ಟು ಕಣ್ಣಿನ ಪವರ್ ಅಳೆಯುವ ಉಪಕರಣ), ಡೈರೆಕ್ಟ್ ಆಫ್ತಾಲ್ಮೋಸ್ಕೋಪ್ (ಕಣ್ಣಿನ ಒಳಭಾಗ ನೋಡುವ ಉಪಕರಣ), ಟ್ರಯಲ್ ಸೆಟ್, ಲೀ ಗ್ರೇಟಿಂಗ್ ಪ್ಯಾಡಲ್ (ಗೆರೆ ತೋರಿಸಿ ದೃಷ್ಟಿ ಅಳೆಯುವ ಹಲಗೆ) ಇವೆ. ಇಷ್ಟರಲ್ಲಿ ಏನೇನು ನೋಡಿ ಬರೆದರೆ ಮುಂದಿನವರಿಗೆ ಅನುಕೂಲ? ವಿಇಪಿಗೆ (ನೋಟದ ಸಂಕೇತ ಮಿದುಳಿಗೆ ತಲುಪುತ್ತಾ ಅಂತ ಅಲೆಗಳಲ್ಲಿ ನೋಡುವ ಪರೀಕ್ಷೆ) ಬೆಂಗಳೂರಿಗೆ ಕಳಿಸಲೇಬೇಕಾ? ತಂದೆ ತಾಯಿ ಇಬ್ಬರೂ ತೋಟದ ಕೂಲಿ, ಹೋಗಿ ಬರೋದು ಅಂದರೆ ಸಂಬಳ ಕಟ್. ಮೆಳ್ಳೆಗಣ್ಣಿಗೆ ಪ್ಯಾಚ್ (ಒಂದು ಕಣ್ಣು ಮುಚ್ಚುವ ಪಟ್ಟಿ) ಈಗಲೇ ಶುರು ಮಾಡಬಹುದಾ?

ಮಕ್ಕಳ_ಆಪ್ಟೊಮೆಟ್ರಿ_ಹಾಸನ

ನೀವು ಬರೆದ ಚರಿತ್ರೆಗೆ ಮೊದಲು ಹೊಳೆಯಬೇಕಾದದ್ದು ಸಿವಿಐ, ಅಂದರೆ ಮಿದುಳಿನ ದೃಷ್ಟಿದೋಷ. ರೆಟಿನಾ ನಾರ್ಮಲ್ ಅನ್ನೋದು ಇದಕ್ಕೆ ವಿರುದ್ಧದ ಸಾಕ್ಷಿಯಲ್ಲ, ಪೂರಕ ಸಾಕ್ಷಿ. ‘ಬೆಳೀತಾ ಸರಿಹೋಗುತ್ತೆ’ ಅನ್ನೋ ಮಾತು ದೃಷ್ಟಿ ತಡವಾಗಿ ಬಲಿಯುವ ಮಕ್ಕಳಿಗೆ ಸರಿ. ಅವು ಸಾಮಾನ್ಯವಾಗಿ 4ರಿಂದ 6 ತಿಂಗಳೊಳಗೆ ನೋಡಲು ಶುರು ಮಾಡುತ್ತವೆ. 14 ತಿಂಗಳಿಗೆ ಆ ಮಾತು ನಿಲ್ಲಲ್ಲ.

ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮುಂಚೆ ಮುಗಿಸಬೇಕಾದ ಕೆಲಸ ಬಹಳ ಇದೆ. ಎಷ್ಟೋ ಕಡೆ ಒಪಿಡಿ ಬಾಗಿಲಲ್ಲೇ ಎಲ್ಲ ಮಕ್ಕಳಿಗೂ ಡ್ರಾಪ್ಸ್ ಬಿಡುತ್ತಾರೆ. ಅಲ್ಲಿಗೆ ಪಾಪೆಯ ಪರೀಕ್ಷೆಯೂ ಹೋಯಿತು, ಹತ್ತಿರದ ಫೋಕಸ್ ಪರೀಕ್ಷೆಯೂ ಹೋಯಿತು. ಮೊದಲು ಮಬ್ಬು ಬೆಳಕಿನಲ್ಲಿ ಪಾಪೆ ನೋಡಿ. ಎರಡೂ ಚುರುಕಾಗಿ ಕುಗ್ಗಿದರೆ ತೊಂದರೆ ಮಿದುಳಿನ ಹಿಂಭಾಗದ್ದು ಅನ್ನೋದಕ್ಕೆ ಬಲ ಬರುತ್ತೆ, ಯಾಕಂದರೆ ಪಾಪೆಯ ನರತಂತುಗಳು ದೃಷ್ಟಿ ಕೇಂದ್ರದವರೆಗೆ ಹೋಗದೆ ನಡುವೆಯೇ ಕವಲೊಡೆಯುತ್ತವೆ. ಪಾಪೆ ಮಂದವಾಗಿದ್ದರೆ, ಕಣ್ಣು ತೇಲಾಡುತ್ತಿದ್ದರೆ ಅಥವಾ ಕುಣಿಯುತ್ತಿದ್ದರೆ, ಮಗು ಬೆರಳಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರೆ ದಾರಿ ಬೇರೆ: ರೆಟಿನಾ ನೋಡೋಕೆ ಚೆನ್ನಾಗಿದ್ದರೂ ಇಆರ್‌ಜಿ (ರೆಟಿನಾದ ವಿದ್ಯುತ್ ಪರೀಕ್ಷೆ) ಮಾಡಿಸಲೇಬೇಕು. ಆಮೇಲೆ ಕತ್ತಲು ಕೋಣೆಯಲ್ಲಿ 1 ಮೀಟರ್ ದೂರದಿಂದ ಆಫ್ತಾಲ್ಮೋಸ್ಕೋಪ್ ಬೆಳಕನ್ನು ಎರಡೂ ಕಣ್ಣಿಗೆ ಒಟ್ಟಿಗೆ ಬಿಟ್ಟು ಕೆಂಪು ಹೊಳಪು ಹೋಲಿಸಿ. ಬಿಳಿ ಹೊಳಪು ಕಂಡರೆ ಮಿಕ್ಕಿದ್ದೆಲ್ಲ ಬದಿಗಿಟ್ಟು ಅವತ್ತೇ ರೆಫರ್ ಮಾಡಿ. ಈ ಮಗುವಿಗೆ ಪೊರೆ, ರೆಟಿನೋಬ್ಲಾಸ್ಟೋಮಾ ಇಲ್ಲ ಅಂತ ಈಗಾಗಲೇ ನೋಡಿದ್ದಾರೆ, ಆದರೂ ನಿಮ್ಮ ಚೀಟಿಯಲ್ಲಿ ಬರೆದಿರಲಿ. ಮೆಳ್ಳೆಗೆ ಕಣ್ಣಲ್ಲಿ ಹೊಳೆಯುವ ಟಾರ್ಚ್ ಚುಕ್ಕೆ ನೋಡಿ, ಪಾಪೆಯ ನಡುವಿನಿಂದ 1 ಮಿ.ಮೀ. ಜರುಗಿದ್ದರೆ ಸುಮಾರು 7 ಡಿಗ್ರಿ.

ಇನ್ನು ನೋಟದ ಪರೀಕ್ಷೆ. ಎಲ್ಲರೂ ಎಡವೋದು ಇಲ್ಲೇ. ಗಿಲಕಿ ಆಡಿಸಿ ‘ತಿರುಗಿತು’ ಅಂತ ಬರೆದರೆ ನೀವು ಪರೀಕ್ಷಿಸಿದ್ದು ಕಿವಿಯನ್ನ. ಅಮ್ಮನ ಗಾಜಿನ ಬಳೆ ಸದ್ದೂ ಸಾಕು, ಮಗು ಅತ್ತ ತಿರುಗುತ್ತೆ. ಬಳೆ ಮೇಲೆ ಕರವಸ್ತ್ರ ಸುತ್ತಿಸಿ. ಫ್ಯಾನ್ ಆಫ್, ಮೊಬೈಲ್ ಸೈಲೆಂಟ್, ನೀವೂ ಮಾತಾಡಬೇಡಿ. ಕೈ ಬೀಸಿ ರೆಪ್ಪೆ ಬಡಿಯುತ್ತಾ ಅಂತ ನೋಡೋದನ್ನ ಲೆಕ್ಕಕ್ಕೆ ಇಡಬೇಡಿ, ಗಾಳಿ ತಾಗಿದರೂ ರೆಪ್ಪೆ ಬಡಿಯುತ್ತೆ.

ಮಗುವನ್ನ ಅಮ್ಮನ ಮಡಿಲಲ್ಲಿ ಬೆನ್ನಿಗೆ ಆಸರೆ ಕೊಟ್ಟು, ತಲೆ ಹಿಡಿದು ಕೂರಿಸಿ. ಹಿನ್ನೆಲೆಗೆ ಬಣ್ಣಬಣ್ಣದ ಚಾರ್ಟ್ ಇರಬಾರದು. ಒಂದೇ ಬಣ್ಣದ, ಸದ್ದಿಲ್ಲದ ವಸ್ತುವನ್ನ 30ರಿಂದ 40 ಸೆಂ.ಮೀ. ದೂರದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಆಮೇಲೆ ಸುಮ್ಮನೆ ಕಾಯಿರಿ. ಸಿವಿಐ ಮಗು 10, 15 ಸೆಕೆಂಡು, ಇನ್ನೂ ಹೆಚ್ಚು ತೆಗೆದುಕೊಳ್ಳುತ್ತೆ. ನಾವು ಮೂರು ಸೆಕೆಂಡಿಗೇ ‘ನೋಡ್ತಿಲ್ಲ’ ಅಂತ ಬರೆದುಬಿಡುತ್ತೇವೆ. ಎಡ, ಬಲ, ಮೇಲೆ, ಕೆಳಗೆ ಬೇರೆ ಬೇರೆ ನೋಡಿ. ಎಷ್ಟು ಸೆಕೆಂಡಿಗೆ ತಿರುಗಿತು, ನಿಂತ ವಸ್ತುವಿಗಾ ಚಲಿಸುವುದಕ್ಕಾ, ಪಕ್ಕದಲ್ಲಿ ಇನ್ನೊಂದು ಆಟಿಕೆ ಇಟ್ಟ ತಕ್ಷಣ ನೋಟ ಕಳಚಿತಾ, ಇಷ್ಟನ್ನು ಬರೆದರೆ ‘ದೃಷ್ಟಿ ಕಮ್ಮಿ’ ಅನ್ನೋ ಎರಡು ಪದಕ್ಕಿಂತ ಎಷ್ಟೋ ಉಪಯೋಗ. ಹೊಟ್ಟೆ ತುಂಬಿ ಎಚ್ಚರವಾಗಿರುವ ಹೊತ್ತು ಆರಿಸಿ. ಫಿಟ್ಸ್ ಸಿರಪ್ ಕೊಟ್ಟು ತೂಕಡಿಸುವಾಗ ಸಿಕ್ಕ ಫಲಿತಾಂಶ ಯಾವುದಕ್ಕೂ ಬರಲ್ಲ.

ಪ್ಯಾಡಲ್ ಇದೆ ಅಂದಿರಿ, ಒಳ್ಳೇದು. 57 ಸೆಂ.ಮೀ.ಗೆ ದಾರ ಕಟ್ಟಿ ಅಳತೆ ಇಟ್ಟುಕೊಳ್ಳಿ. ಆ ದೂರದಲ್ಲಿ 1 ಸೆಂ.ಮೀ. ಅಂದರೆ ಕಣ್ಣಿಗೆ 1 ಡಿಗ್ರಿ, ಹಾಗಾಗಿ ಪ್ಯಾಡಲ್ ಮೇಲಿನ ಅಂಕಿಯೇ (1 ಸೆಂ.ಮೀ.ಗೆ ಎಷ್ಟು ಜೋಡಿ ಗೆರೆ) ಉತ್ತರ. ಅರ್ಧ ದೂರಕ್ಕೆ ತಂದರೆ ಅಂಕಿಯನ್ನೂ ಅರ್ಧ ಮಾಡಿ. ಗೆರೆ ಇರುವುದು, ಬೂದು ಬಣ್ಣದ್ದು ಎರಡನ್ನೂ ಒಟ್ಟಿಗೆ ಸರಿಸಿ, ಯಾವುದರ ಹಿಂದೆ ಕಣ್ಣು ಹೋಯಿತು ನೋಡಿ. ಒಂದು ಮಾತು ನೆನಪಿರಲಿ: ಗೆರೆ ಪರೀಕ್ಷೆಯ ಫಲಿತಾಂಶ ನಿಜವಾದ ಬಳಕೆಯ ದೃಷ್ಟಿಗಿಂತ ಚೆನ್ನಾಗಿಯೇ ಬರುತ್ತೆ. ಅದನ್ನ 6/ಇಷ್ಟು ಅಂತ ಬದಲಾಯಿಸಿ ಬರೆಯೋಕೆ ಹೋಗಬೇಡಿ.

ಕೊನೆಗೆ ಡೈನಮಿಕ್ ರೆಟಿನೋಸ್ಕೋಪಿ. ಆಟಿಕೆಯನ್ನ ರೆಟಿನೋಸ್ಕೋಪಿನ ಪಕ್ಕದಲ್ಲೇ ಹಿಡಿದು ಹತ್ತಿರ ತಂದಾಗ ರಿಫ್ಲೆಕ್ಸ್ (ಪಾಪೆಯಲ್ಲಿ ಕಾಣುವ ಹೊಳಪು) ಬದಲಾಗದೆ ‘ವಿತ್’ ಆಗಿಯೇ, ಅಂದರೆ ಬೆಳಕು ಸರಿದ ಕಡೆಗೇ ಸರಿಯುತ್ತಾ ಉಳಿದರೆ ಮಗು ಹತ್ತಿರಕ್ಕೆ ಫೋಕಸ್ ಮಾಡುತ್ತಿಲ್ಲ. ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಮಕ್ಕಳಲ್ಲಿ ಇದು ಬಹಳ ಸಾಮಾನ್ಯ, ಕನ್ನಡಕದಿಂದಲೇ ಅರ್ಧ ಕೆಲಸ ಆಗುವ ದೋಷವೂ ಇದೇ.

ಶಿಶು_ನರರೋಗ

ಮೇಲಿನವರು ಹೇಳಿದ್ದಕ್ಕೆ ಸೇರಿಸಬೇಕಾದ್ದು ಒಂದು ಪ್ರಶ್ನೆ, ಅದನ್ನ ಇವತ್ತೇ ಕೇಳಿ. ಮಗು ನಿದ್ದೆಯಿಂದ ಎದ್ದ ಹೊತ್ತಿಗೆ ಕೈ ಚಾಚಿ, ತಲೆ ಬಗ್ಗಿಸಿ, ಬೆಚ್ಚಿದ ಹಾಗೆ ಒಂದರ ಹಿಂದೊಂದು ಆಗುತ್ತಾ? ಮನೆಯವರು ಇದನ್ನ ಫಿಟ್ಸ್ ಅಂತ ಹೇಳಲ್ಲ. ‘ಬೆಚ್ಚಿ ಬೀಳುತ್ತೆ’, ‘ಹೊಟ್ಟೆನೋವು’, ‘ದೃಷ್ಟಿ ತಾಗಿದೆ’ ಅಂತಾರೆ. ನೀವೇ ಮಾಡಿ ತೋರಿಸಿ ಕೇಳಿದರೆ ಮಾತ್ರ ಗೊತ್ತಾಗುತ್ತೆ. ಹುಟ್ಟಿದಾಗ ಶುಗರ್ ಇಳಿದ ಮಕ್ಕಳಲ್ಲಿ ಪೆಟ್ಟು ಬೀಳೋದು ಹೆಚ್ಚಾಗಿ ಮಿದುಳಿನ ಹಿಂಭಾಗಕ್ಕೆ, ಪರೈಟಲ್ ಮತ್ತು ಆಕ್ಸಿಪಿಟಲ್ ಭಾಗಕ್ಕೆ. ದೃಷ್ಟಿದೋಷ, ಇನ್‌ಫೆಂಟೈಲ್ ಸ್ಪಾಸಂ (ಹೀಗೆ ಬೆಚ್ಚಿದ ಹಾಗೆ ಬರುವ ಮಕ್ಕಳ ಫಿಟ್ಸ್) ಎರಡೂ ಅಲ್ಲಿಂದಲೇ ಬರುತ್ತವೆ. ಸ್ಪಾಸಂ ನಡೆಯುತ್ತಿದ್ದರೆ ಅದೇ ನೋಟವನ್ನ ಇನ್ನಷ್ಟು ಮಂಕು ಮಾಡುತ್ತೆ. ಇದ್ದ ನೋಟ ಕಮ್ಮಿಯಾಗಿರೋದೇ ಮೊದಲ ಸೂಚನೆ ಆಗಿರೋದೂ ಉಂಟು.

ವಿಇಪಿಗಾಗಿ ಬೆಂಗಳೂರಿಗೆ ಕಳಿಸಬೇಡಿ. ಫ್ಲಾಶ್ ವಿಇಪಿ ಅಲೆ ಬಂದರೂ ಮಗು ನೋಡದೆ ಇರಬಹುದು, ಬರದಿದ್ದರೂ ಸ್ವಲ್ಪ ನೋಡಬಹುದು. ನಿದ್ದೆ ಔಷಧ, ಫಿಟ್ಸ್ ಎರಡೂ ಅದನ್ನ ಕೆಡಿಸುತ್ತವೆ. ಆ ಕಾಗದ ನೋಡಿ ‘ಕುರುಡು’ ಅಂತ ಹಣೆಪಟ್ಟಿ ಹಚ್ಚಿದರೆ ಮನೆಯವರು ಪ್ರಯತ್ನವನ್ನೇ ಕೈಬಿಡುತ್ತಾರೆ. ಎಂಆರ್‌ಐ ಬೇಕು, ಆದರೆ ಅದು ನಾರ್ಮಲ್ ಬಂದ ಮಾತ್ರಕ್ಕೆ ಸಿವಿಐ ತಳ್ಳಿಹಾಕುವ ಹಾಗಿಲ್ಲ.

ನೇತ್ರಾಧಿಕಾರಿ_ಬೇಲೂರು

ಇವತ್ತು ಮತ್ತೆ ಕರೆಸಿ ನೋಡಿದೆ. ಪಾಪೆ ಎರಡೂ ಚುರುಕು. ಕಣ್ಣು ಕುಣಿತ ಇಲ್ಲ. ಹಳದಿ ಚೆಂಡಿಗೆ ಬಲಗಡೆ 12 ಸೆಕೆಂಡಿಗೆ ತಿರುಗಿತು, ಎಡಗಡೆ 20 ದಾಟಿತು, ಕೆಳಗಡೆ ಇಲ್ಲವೇ ಇಲ್ಲ. ಪ್ಯಾಡಲ್ 57 ಸೆಂ.ಮೀ.ನಲ್ಲಿ 1ರವರೆಗೆ ಹಿಂಬಾಲಿಸಿತು. ಹತ್ತಿರಕ್ಕೆ ತಂದರೆ ರಿಫ್ಲೆಕ್ಸ್ ಬದಲಾಗಲ್ಲ. ಡ್ರಾಪ್ಸ್ ಇನ್ನೂ ಹಾಕಿಲ್ಲ. ಬೆಳಿಗ್ಗೆ ಎದ್ದಾಗ ‘ಬೆಚ್ಚೋದು’ ಇದೆ ಅಂತ ಅಜ್ಜಿ ಹೇಳಿದರು, ಮೊಬೈಲ್‌ನಲ್ಲಿ ವಿಡಿಯೋ ಇದೆ: ತಲೆ ಮುಂದಕ್ಕೆ, ಎರಡೂ ಕೈ ಎತ್ತಿ, ಹತ್ತು ಹದಿನೈದು ಸಲ.

ಶಿಶು_ನರರೋಗ

ಹಾಗಾದರೆ ಕಣ್ಣಿನ ಕೆಲಸ ಎರಡನೇದು. ನಾಳೆಯೇ ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಮಕ್ಕಳ ವಿಭಾಗಕ್ಕೆ ಕಳಿಸಿ, ವಿಡಿಯೋ ಸಮೇತ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಮ್ಮರಿ ಸಮೇತ. ಚೀಟಿಯಲ್ಲಿ ‘ಇನ್‌ಫೆಂಟೈಲ್ ಸ್ಪಾಸಂ ಅನುಮಾನ’ ಅಂತ ಎದ್ದು ಕಾಣೋ ಹಾಗೆ ಬರೆಯಿರಿ, ‘ದೃಷ್ಟಿ ತಪಾಸಣೆ’ ಅಂತ ಬರೆದರೆ ಒಪಿಡಿ ಸಾಲಿನಲ್ಲಿ ದಿನ ಕಳೆಯುತ್ತೆ. ಇಇಜಿಯಲ್ಲಿ (ಮಿದುಳಿನ ಅಲೆಗಳ ಪರೀಕ್ಷೆ) ನಿದ್ದೆ ಮತ್ತು ಎಚ್ಚರಾಗುವ ಹೊತ್ತು ಎರಡೂ ಸೇರಿರಬೇಕು. ಎಚ್ಚರವಿದ್ದಾಗ 20 ನಿಮಿಷ ತೆಗೆದದ್ದು ನಾರ್ಮಲ್ ಬಂದರೆ ನಂಬಬೇಡಿ. ಹಾಸನದಲ್ಲಿ ತಡವಾಗುತ್ತೆ ಅನ್ನಿಸಿದರೆ ನೇರ ನಿಮ್ಹಾನ್ಸ್. ಬೆಂಗಳೂರಿಗೆ ಒಂದೇ ಸಲ ಹೋಗೋದಾದರೆ ಅದು ಇದಕ್ಕಾಗಿ ಆಗಲಿ.

ಚಿಕಿತ್ಸೆಗೆ ಎಸಿಟಿಎಚ್, ಪ್ರೆಡ್ನಿಸೊಲೋನ್ ಅಥವಾ ವಿಗಬ್ಯಾಟ್ರಿನ್ ಕೊಡುತ್ತಾರೆ. ವಿಗಬ್ಯಾಟ್ರಿನ್ ಅಂಚಿನ ದೃಷ್ಟಿಯನ್ನ ಶಾಶ್ವತವಾಗಿ ಕುಗ್ಗಿಸಬಹುದು. ಅದಕ್ಕೆ ಹೆದರಿ ಔಷಧ ನಿಲ್ಲಿಸಬಾರದು, ಆದರೆ ಶುರುವಾಗುವ ಮುಂಚಿನ ನೋಟ ಎಷ್ಟಿತ್ತು ಅನ್ನೋ ದಾಖಲೆ ಬೇಕು. ನೀವು ಇವತ್ತು ಬರೆದ ಸೆಕೆಂಡು, ದಿಕ್ಕುಗಳೇ ಆ ದಾಖಲೆ. ಒಂದು ಪ್ರತಿ ತಾಯಿಕಾರ್ಡ್ ಜೊತೆ ಪಿನ್ ಮಾಡಿ.

ಮಕ್ಕಳ_ಆಪ್ಟೊಮೆಟ್ರಿ_ಹಾಸನ

ಒಪ್ಪಿದೆ. ರಿಫ್ರ್ಯಾಕ್ಷನ್ (ಕನ್ನಡಕದ ಪವರ್ ಅಳೆಯೋದು) ಮುಂದಕ್ಕೆ ಹಾಕಿ. ಅದಕ್ಕೆ ಪಾಪೆ ಹಿಗ್ಗಿಸುವ ಸೈಕ್ಲೋಪೆಂಟೊಲೇಟ್ ಫಿಟ್ಸ್ ಇರುವ ಮಗುವಿಗೆ ಒಳ್ಳೇದಲ್ಲ. ಅಟ್ರೊಪಿನ್‌ನಲ್ಲೂ ಜ್ವರ, ಮುಖ ಕೆಂಪಾಗೋದು, ಚಡಪಡಿಕೆ ಇರೋದರಿಂದ ಫಿಟ್ಸ್ ಹಿಡಿತಕ್ಕೆ ಬಂದ ಮೇಲೆ, ಕಣ್ಣಿನ ಡಾಕ್ಟರ ಚೀಟಿ ಮೇಲೆಯೇ ಹಾಕಿಸಿ. ಡ್ರಾಪ್ಸ್ ಬೇಡ, 1% ಮುಲಾಮು ಇರಲಿ. 1% ಡ್ರಾಪ್ಸ್‌ನ ಒಂದು ಹನಿಯಲ್ಲಿ ಸುಮಾರು ಅರ್ಧ ಮಿ.ಗ್ರಾಂ. ಅಟ್ರೊಪಿನ್ ಇರುತ್ತೆ, ಮೂಗಿನ ಮೂಲಕ ಬೇಗ ಮೈಗೆ ಹತ್ತುತ್ತೆ, ಸಣ್ಣ ಮಗುವಿಗೆ ಅದು ಜಾಸ್ತಿ. ಮುಲಾಮು ಅಕ್ಕಿಕಾಳಿನಷ್ಟು, ದಿನಕ್ಕೆ ಎರಡು ಸಲ, ಮೂರು ದಿನ. ಪರೀಕ್ಷೆಯ ದಿನ ಬೆಳಿಗ್ಗೆ ಹಾಕಬಾರದು, ಜಿಡ್ಡಿಗೆ ರಿಫ್ಲೆಕ್ಸ್ ಮಸುಕಾಗುತ್ತೆ. ಟ್ಯೂಬ್ ಮನೆಯ ಬೇರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಲು ಹೇಳಿ.

ರೆಟಿನೋಸ್ಕೋಪ್‌ನಲ್ಲಿ 67 ಸೆಂ.ಮೀ. ದೂರದಿಂದ ನೋಡಿದರೆ ಸಿಕ್ಕ ಪವರ್‌ನಲ್ಲಿ 1.50 ಕಳೆಯಿರಿ, 50 ಸೆಂ.ಮೀ. ಆದರೆ 2.00. ಮಗು ಮುಂದಕ್ಕೆ ಬಗ್ಗಿದಾಗ ದೂರ ತಾನಾಗಿ ಕಮ್ಮಿಯಾಗಿರುತ್ತೆ, 0.50 ಪವರ್ ತಪ್ಪೋದು ಅಲ್ಲೇ. ಪ್ಲಸ್ ಬಂದರೆ ಸಾಮಾನ್ಯ ಮಕ್ಕಳಿಗೆ ಕಡಿತ ಮಾಡಿ ಕೊಡುವ ರೂಢಿ ಇದೆ. ಕಣ್ಣು ಹೊರಕ್ಕೆ ಹೋಗುತ್ತಿದ್ದರೆ ಇನ್ನೂ ಕಡಿತ ಮಾಡುತ್ತಾರೆ. ಈ ಮಗುವಿಗೆ ಎರಡೂ ಬೇಡ, ಫೋಕಸ್ ಮಾಡೋ ಶಕ್ತಿಯೇ ಇಲ್ಲದ ಮೇಲೆ ಕಡಿತ ಮಾಡಿದ ಪ್ಲಸ್ಸನ್ನ ತುಂಬೋರು ಯಾರು? ಪೂರ್ತಿ ಕೊಟ್ಟು, ಹತ್ತಿರಕ್ಕೆ ಇನ್ನೂ ಸ್ವಲ್ಪ ಬೇಕಾ ಅಂತ ಕನ್ನಡಕ ಹಾಕಿಸಿಯೇ ಮತ್ತೆ ಡೈನಮಿಕ್ ಮಾಡಿ ನೋಡಿ. ಫ್ರೇಮ್ ಮೆತ್ತಗಿನದು, ಹಿಂದೆ ಎಲಾಸ್ಟಿಕ್ ಪಟ್ಟಿ ಇರುವಂಥದ್ದು.

ಪ್ಯಾಚ್ ಸದ್ಯಕ್ಕೆ ಬೇಡ. ಯಾವ ಕಣ್ಣು ಹಿಂದೆ ಬಿದ್ದಿದೆ ಅಂತ ಗೊತ್ತಾಗದೆ ಮುಚ್ಚಿದರೆ ಇರುವ ಚೂರು ನೋಟಕ್ಕೂ ಅಡ್ಡಿ. ನಿಮ್ಮಲ್ಲಿಗೆ ಕಣ್ಣು ಕುಣಿಯುವ ಮಕ್ಕಳೂ ಬರ್ತಾರಲ್ಲ, ಅವರಿಗೆ ಒಂದು ಕಣ್ಣು ಮುಚ್ಚಿದರೆ ಕುಣಿತ ಜಾಸ್ತಿಯಾಗಿ ದೃಷ್ಟಿ ಸುಳ್ಳೇ ಕಮ್ಮಿ ಬರುತ್ತೆ. ಮುಚ್ಚುವ ಬದಲು ಆ ಕಣ್ಣಿನ ಮುಂದೆ ಹೆಚ್ಚಿನ ಪ್ಲಸ್ ಲೆನ್ಸ್ ಇಟ್ಟು ಮಸುಕು ಮಾಡಿ.

ಫಿಸಿಯೊ_ಚಿಕ್ಕಮಗಳೂರು

ಆಸ್ಪತ್ರೆ ಓಡಾಟದ ನಡುವೆ ಮನೆಯಲ್ಲಿ ಮಾಡಬಹುದಾದ್ದು. ಕರಿ ಕಂಬಳಿ ಹಾಸಿ ಅದರ ಮೇಲೆ ಹಳದಿ ಚೆಂಡು ಒಂದೇ ಒಂದು. ಬಣ್ಣದ ಹಾಸಿಗೆ, ಹತ್ತು ಆಟಿಕೆ ಒಟ್ಟಿಗೆ ಇದ್ದರೆ ಮಗುವಿಗೆ ಏನೂ ಬೇರೆಯಾಗಿ ಕಾಣಲ್ಲ. ಬಲಗಡೆ ಬೇಗ ತಿರುಗಿದ್ದರಿಂದ ಶುರು ಅಲ್ಲಿಂದ, ಕಣ್ಣಿನ ಮಟ್ಟದಲ್ಲಿ. ಕೆಳಗೆ ಕಾಣದ ಮಗುವಿಗೆ ಮಡಿಲ ಮಟ್ಟದಲ್ಲಿ ಹಿಡಿದ ತಟ್ಟೆ, ಚಮಚ ಕಾಣಲ್ಲ. ಊಟ ಕೊಡುವಾಗ ಚಮಚ ಮೇಲಿಂದ ತರಲಿ, ಬಾಯಿಗೆ ಇಡುವ ಮುಂಚೆ ಒಂದು ಕ್ಷಣ ನಿಲ್ಲಿಸಲಿ. ಬೆನ್ನಿಗೆ ಆಸರೆ ಇಲ್ಲದೆ ಕೂರಿಸಿ ನೋಡು ನೋಡು ಅಂದರೆ ಆಗಲ್ಲ, ಶಕ್ತಿಯೆಲ್ಲ ಬೀಳದೆ ಕೂರೋದಕ್ಕೇ ಹೋಗುತ್ತೆ. ಒಂದು ಸಲಕ್ಕೆ ಐದು ನಿಮಿಷ ಸಾಕು. ಮಗು ಮುಖ ತಿರುಗಿಸಿದರೆ ಅದು ಹಟ ಅಲ್ಲ, ಸುಸ್ತು. ಅಲ್ಲಿಗೆ ನಿಲ್ಲಿಸಬೇಕು.

ಡಿಇಐಸಿಯಲ್ಲಿ (ಬೆಳವಣಿಗೆ ತೊಂದರೆಯ ಮಕ್ಕಳನ್ನ ನೋಡುವ ಜಿಲ್ಲಾ ಕೇಂದ್ರ) ಹೆಸರು ನೋಂದಾಯಿಸುವಾಗ ‘ದೃಷ್ಟಿ’ ಅಂತ ಮಾತ್ರ ಬರೆಸಬೇಡಿ, ಬೆಳವಣಿಗೆ ವಿಳಂಬ ಅಂತಲೂ ಸೇರಿಸಿ. ಇಲ್ಲದಿದ್ದರೆ ಫಿಸಿಯೊಗೆ ಬೇರೆ ಚೀಟಿ ತರಲು ಇನ್ನೊಂದು ದಿನ ಓಡಾಡಿಸುತ್ತಾರೆ.